ಕಿವಿರಿನೊಳಗಿನ ಒಕ್ಕಲು

ಪ್ರೌಢಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ಮೀನಿನ ಚಿತ್ರ ಬರೆದು ಕಿವಿರುಗಳನ್ನು ಗುರುತಿಸಿದ್ದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪಾಠವನ್ನು ಮರೆತವರೂ ಮೀನು ಕೊಳ್ಳುವಾಗ ಕಿವಿರಿನ ಮುಚ್ಚಳವನ್ನೆತ್ತಿ ಒಳಗೆ ಕೆಂಪಗಿದೆಯೇ ಎಂದು ನೋಡುವುದನ್ನು ಮರೆತಿರಲಾರರು. ಆ ಕೆಂಪು ಎಳೆಗಳ ನಡುವೆ ಮೀನಿನದಲ್ಲದ ಇನ್ನೊಂದು ಸಂಸಾರವೂ ನಡೆದಿರುತ್ತದೆ.

ಗೆಂಡೆ ಮತ್ತು ಅದರ ಬಳಗದ ಸಿಹಿನೀರಿನ ಮೀನುಗಳ ಕಿವಿರುಗಳಲ್ಲಿ ಡ್ಯಾಕ್ಟಿಲೋಗೈರಸ್ ಎಂಬ ಚಪ್ಪಟೆ ಹುಳುಗಳು ವಾಸಿಸುತ್ತವೆ. ನಮ್ಮ ಕಾಟ್ಲಾ, ರೋಹು ಮೀನುಗಳೂ ಇದಕ್ಕೆ ಹೊರತಲ್ಲ. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ದೇಹದ ಹಿಂತುದಿಯ ಕೊಕ್ಕೆಗಳಿಂದ ಕಿವಿರಿನ ಎಳೆಯನ್ನು ಹಿಡಿದುಕೊಂಡು, ಅಲ್ಲಿಯೇ ಆಹಾರ ಪಡೆದು ಬದುಕುತ್ತವೆ. ಮೊಟ್ಟೆ ನೀರಿಗೆ ಬೀಳುತ್ತದೆ. ಅದರಿಂದ ಹೊರಬಂದ ಮರಿ ಬೇರಾವ ಪ್ರಾಣಿಯ ಮಧ್ಯಸ್ಥಿಕೆಯೂ ಇಲ್ಲದೆ ಈಜಿ ನೇರವಾಗಿ ಮತ್ತೊಂದು ಮೀನನ್ನು ಸೇರುತ್ತದೆ. ಈ ಕುಲದಲ್ಲಿ 900ಕ್ಕೂ ಹೆಚ್ಚು ಪ್ರಭೇದಗಳನ್ನು ಹೆಸರಿಸಲಾಗಿದೆ. ಅವುಗಳಲ್ಲಿ ಬಹುಪಾಲು ಒಂದೇ ಬಗೆಯ ಮೀನನ್ನೋ ಅದರ ಹತ್ತಿರದ ಬಂಧುಗಳನ್ನೋ ಬಿಟ್ಟು ಬೇರೆಡೆ ನೆಲೆಸುವುದಿಲ್ಲ.

ಇಷ್ಟು ನಿಷ್ಠೆಯ ಒಕ್ಕಲು, ಧಣಿಯ ಮನೆತನ ಕವಲೊಡೆದಾಗ ತಾನೂ ಕವಲೊಡೆಯಬೇಕಲ್ಲವೇ? ಜರ್ಮನಿಯ ಫಾರೆನ್‌ಹೋಲ್ಟ್ಸ್ 1913ರಲ್ಲಿ ಹೇನುಗಳನ್ನು ಅಭ್ಯಸಿಸಿ ಇಂಥದೇ ನಿಯಮವನ್ನು ಮುಂದಿಟ್ಟನು: ಪರಾವಲಂಬಿಯ ವಂಶವೃಕ್ಷವು ಆಶ್ರಯದಾತನ ವಂಶವೃಕ್ಷದ ಪ್ರತಿಬಿಂಬವಾಗಿರುತ್ತದೆ. ಕೇಳಲು ಸೊಗಸಾದ ನಿಯಮ. ಆದರೆ ಕಿವಿರಿನ ಹುಳುಗಳು ಅದಕ್ಕೆ ಪೂರ್ತಿಯಾಗಿ ಒಳಪಡಲಿಲ್ಲ.

ಝೆಕ್ ವಿಜ್ಞಾನಿ ಆಂಡ್ರಿಯಾ ಶಿಮ್ಕೋವಾ ಮತ್ತು ಸಹೋದ್ಯೋಗಿಗಳು ಯುರೋಪಿನ ಮೀನುಗಳಲ್ಲಿನ 51 ಡ್ಯಾಕ್ಟಿಲೋಗೈರಸ್ ಪ್ರಭೇದಗಳ ವಂಶಸಂಬಂಧವನ್ನು ಡಿ.ಎನ್.ಎ. ಆಧಾರದಿಂದ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಹುಳುಗಳ ಹೊಸ ಪ್ರಭೇದಗಳು ಹುಟ್ಟಿದ್ದು ಹೆಚ್ಚಾಗಿ ಮೀನು ಕವಲೊಡೆದಾಗಲ್ಲ, ಒಂದೇ ಮೀನಿನ ಕಿವಿರಿನೊಳಗೆ ಎಂದು ಕಂಡುಬಂದಿತು! ರೋಚ್ ಎಂಬ ಸಾಧಾರಣ ಮೀನೊಂದರಲ್ಲಿಯೇ ಒಂಬತ್ತು ಪ್ರಭೇದಗಳಿವೆ. ನಮ್ಮ ಕಣ್ಣಿಗೆ ಕಿವಿರು ಒಂದೇ ಅಂಗ. ಹುಳುವಿಗಾದರೋ ಅದು ಹಲವು ಕೇರಿಗಳ ಊರು. ಯಾವ ಕಮಾನು, ಕಮಾನಿನ ಯಾವ ಭಾಗ ಎಂಬುದರಲ್ಲಿ ಅವು ಬೇರೆ ಬೇರೆ ನೆಲೆಗಳನ್ನು ಹಿಡಿಯುತ್ತವೆ. ನೆಲೆಗಳು ತೀರ ಸಮೀಪವಾದಲ್ಲಿ ಅವುಗಳ ಸಂಗಮಾಂಗಗಳ ಆಕಾರವೇ ಭಿನ್ನವಾಗಿರುತ್ತದೆ. ಹೀಗಾಗಿ ನೆರೆಹೊರೆಯಲ್ಲಿದ್ದೂ ಬೆರಕೆಯಾಗುವುದಿಲ್ಲ.

ಇದೆಲ್ಲ ಸೂಕ್ಷ್ಮದರ್ಶಕದಡಿಯ ಕುತೂಹಲ ಮಾತ್ರವೆಂದು ಎಣಿಸುವವರು ಮಧ್ಯ ಏಷ್ಯಾದ ಅರಲ್ ಸಮುದ್ರದ ಪ್ರಸಂಗವನ್ನು ಗಮನಿಸಬೇಕು. ಸಮುದ್ರವೆಂದು ಹೆಸರಾದರೂ ಅದು ಅರೆಯುಪ್ಪಿನ ಸರೋವರ. ಅಲ್ಲಿ ಸ್ಟರ್ಜನ್ ಬಳಗದ ಒಂದು ಮೀನಿತ್ತು. ರಷ್ಯನ್ನರು ಅದನ್ನು ‘ಶಿಪ್’, ಅಂದರೆ ಮುಳ್ಳು, ಎಂದು ಕರೆಯುತ್ತಾರೆ. ಮೊಟ್ಟೆಯಿಡಲು ಅದು ನದಿಗಳಿಗೆ ಏರುತ್ತಿತ್ತು. 1930ರ ದಶಕದಲ್ಲಿ ಮೀನುಗಾರಿಕೆಯನ್ನು ಹೆಚ್ಚಿಸುವ ಸದುದ್ದೇಶದಿಂದ ಕ್ಯಾಸ್ಪಿಯನ್ ಸಮುದ್ರದ ಸೆವ್ರ್ಯೂಗಾ ಎಂಬ ಇನ್ನೊಂದು ಸ್ಟರ್ಜನ್ ಮೀನನ್ನು ತಂದು ಅರಲ್‌ಗೆ ಬಿಟ್ಟರು. ಅದರ ಕಿವಿರಿನಲ್ಲಿ ಕುಳಿತು ನಿಟ್ಷಿಯಾ ಎಂಬ ಹುಳುವೂ ಬಂದಿತು. ಇದು ಡ್ಯಾಕ್ಟಿಲೋಗೈರಸ್‌ನ ವರ್ಗಕ್ಕೇ ಸೇರಿದ್ದು, ಆದರೆ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಕ್ಯಾಸ್ಪಿಯನ್‌ನಲ್ಲಿ ಸ್ಟರ್ಜನ್‌ಗಳೂ ಈ ಹುಳುವೂ ಬಹುಕಾಲದಿಂದ ಒಟ್ಟಿಗೆ ಬಾಳಿದ್ದವು. ಅಲ್ಲಿನ ಶಿಪ್ ಮೀನಿಗೂ ಅದು ಹೊಸತಲ್ಲ. ಅದೇ ಪ್ರಭೇದದ ಅರಲ್ ಮೀನಿಗಾದರೋ ಅದರ ಪರಿಚಯವೇ ಇರಲಿಲ್ಲ. 1936ರಲ್ಲಿ ಹುಳು ಮುತ್ತಿದ ಕಿವಿರುಗಳೊಡನೆ ಅರಲ್‌ನ ಶಿಪ್ ಮೀನುಗಳು ರಾಶಿರಾಶಿಯಾಗಿ ಸತ್ತವು. ಸೋವಿಯತ್ ವಿಜ್ಞಾನಿಗಳಾದ ಡೋಗೆಲ್ ಮತ್ತು ಲುಟ್ಟಾ ಮರುವರ್ಷವೇ ಅದನ್ನು ದಾಖಲಿಸಿದರು.

ಮೀನು ತರುವ ಮುನ್ನ ಅದರ ಕಿವಿರಿನ ಮುಚ್ಚಳವನ್ನು ಯಾರಾದರೂ ಎತ್ತಿ ನೋಡಿದ್ದರೆ ಎಂದು ಈ ವೃತ್ತಾಂತವನ್ನು ಓದುವಾಗಲೆಲ್ಲ ನನಗೆ ಅನಿಸುತ್ತದೆ. 1960ರ ದಶಕದಿಂದ ಅರಲ್‌ಗೆ ಹರಿಯುವ ನದಿಗಳ ನೀರನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ್ದರಿಂದ ಸರೋವರವೇ ಬತ್ತತೊಡಗಿತು. ಶಿಪ್ ಮೀನು ಇಂದು ಅಲ್ಲಿಲ್ಲ.