ಗೂಡು ಕಟ್ಟುವಾಗಲಾದರೂ ಕೋಳಿಯನ್ನು ಕೇಳಿ

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ಸರಿ. ಗೂಡು ಕಟ್ಟುವಾಗಲೂ ಕೇಳದಿದ್ದರೆ ಹೇಗೆ? ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ 30x40 ಸೈಟಿನಲ್ಲಿ ಹಿತ್ತಲೆಂದರೆ ಕಾಂಪೌಂಡಿಗೂ ಮನೆಗೂ ನಡುವಿನ ಒಂದು ಓಣಿ. ಅದರಲ್ಲೇ ಒಗೆಯುವ ಕಲ್ಲು, ಅದರಲ್ಲೇ ಕರಿಬೇವು. ಕೆಂಗೇರಿ ಕಡೆ ಹೋದರೆ ತೆಂಗಿನಮರದ ಬುಡದಲ್ಲಿ ಇನ್ನಷ್ಟು ಜಾಗ ಸಿಕ್ಕೀತು. ಎರಡೂ ಕಡೆ ನಾಲ್ಕೈದು ಹ್ಯಾಟೆ ಸಾಕಬಹುದು. ನಾನು ಎರಡು ಸಲ ಗೂಡು ಕಟ್ಟಿಸಿದ್ದೇನೆ. ಮೊದಲನೆಯದು ನೋಡಲು ಬಲು ಚೆಂದವಿತ್ತು. ಹನ್ನೊಂದು ದಿನ ಬಾಳಿತು.

1. ಕಳ್ಳ ಬರುವುದು ಕೆಳಗಿನಿಂದ. ನಾವೆಲ್ಲ ಹದ್ದಿಗೆ ಹೆದರಿ ಮೇಲೆ ನೋಡುತ್ತೇವೆ. ಊರಿನ ಕೋಳಿಗೆ ನಿಜವಾದ ಯಮ ಚರಂಡಿಯ ಹೆಗ್ಗಣ. ಹನ್ನೆರಡನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಗೂಡಿನ ಹಿಂದಿನ ಮೂಲೆಯಲ್ಲಿ ಹಸಿಮಣ್ಣಿನ ಗುಡ್ಡೆ, ಕಾಫಿ ಲೋಟ ಇಳಿಯುವಷ್ಟು ಬಿಲ, ಅದರ ಬಾಯಲ್ಲಿ ಎರಡು ಪುಕ್ಕ. ಆರು ಪಿಳ್ಳೆಗಳಲ್ಲಿ ಎರಡು ಉಳಿದಿದ್ದವು, ಅವೂ ನೀರಿನ ಬಟ್ಟಲ ಹಿಂದೆ ಮುದುಡಿ ಕೂತಿದ್ದವು. ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ಮಣ್ಣಿನ ನೆಲವಾದರೆ ಸುತ್ತಲೂ ಒಂದಡಿ ಅಗೆದು ಜಾಲರಿ ಹೂಳಿ, ಅದರ ತುದಿಯನ್ನು ಹೊರಮುಖವಾಗಿ ಮಡಿಸಿ. ಹೆಗ್ಗಣ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಎರಡು ಹೆಜ್ಜೆ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕಿಲ್ಲ. ಅಗೆಯುವುದು ಬೇಡವೆಂದರೆ ಗೂಡಿಗೆ ಎರಡಡಿ ಎತ್ತರದ ಕಬ್ಬಿಣದ ಕಾಲು ಕೊಡಿಸಿ. ನನ್ನ ಎರಡನೆಯ ಗೂಡು ಕಾಲಿನ ಮೇಲೇ ನಿಂತಿದೆ.

2. ಕೋಳಿ ಜಾಲರಿ ಕೋಳಿಯನ್ನಷ್ಟೇ ತಡೆಯುತ್ತದೆ. ಅಂಗಡಿಯವರು ಕೊಡುವ ಆರು ಮೂಲೆಯ ತೆಳು ತಂತಿಯ ಬಲೆ ಬೆಕ್ಕಿನ ಪಂಜಕ್ಕೆ ಲೆಕ್ಕವೇ ಅಲ್ಲ. ಜ್ಞಾನಭಾರತಿ ಆವರಣದ ಮರಗಳು, ತುರಹಳ್ಳಿ ಕಾಡು ಹತ್ತಿರವಿರುವ ಕಡೆ ಮುಂಗುಸಿ, ಮರಬೆಕ್ಕುಗಳ ಕಾಟವೂ ಉಂಟು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ ಬೇಕು. ಕಾಮಾಕ್ಷಿಪಾಳ್ಯದ ಫ್ಯಾಬ್ರಿಕೇಷನ್ ಶೆಡ್ಡುಗಳಲ್ಲಿ ತುಂಡು ಮೆಶ್ ಉಳಿದಿದೆಯೇ ವಿಚಾರಿಸಿ, ಹೊಸ ಸುರುಳಿ ಕೊಳ್ಳುವ ಖರ್ಚು ತಪ್ಪೀತು. ಮೊಳೆ ಹೊಡೆಸಬೇಡಿ, ವಾಷರ್ ಇಟ್ಟು ಸ್ಕ್ರೂ ಹಾಕಿಸಿ.

3. ಚಿಲಕ ಎರಡಿರಲಿ, ಹಾಕುವವರು ಒಬ್ಬರಿರಲಿ. ಮುಸ್ಸಂಜೆಗೆ ಕೋಳಿ ತಾನಾಗಿಯೇ ಗೂಡು ಸೇರುತ್ತದೆ. ಬಾಗಿಲು ಹಾಕಬೇಕಾದ ಯಜಮಾನರು ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಆರೂವರೆಗೆ ಮನೆಯಲ್ಲಿರುವ ಒಬ್ಬರಿಗೆ, ಅಜ್ಜಿಯೋ ಹೈಸ್ಕೂಲಿನ ಮಗಳೋ, ಈ ಕೆಲಸ ಗೊತ್ತುಮಾಡಿ. ಎಲ್ಲರ ಕೆಲಸವಾದರೆ ಯಾರ ಕೆಲಸವೂ ಆಗುವುದಿಲ್ಲ.

4. ಅಳತೆಯಲ್ಲಿ ಜಿಪುಣತನ ಬೇಡ. ಒಳಗೆ ಒಂದು ಹ್ಯಾಟೆಗೆ 4 ಚದರಡಿ, ಹೊರಗೆ ಓಡಾಡಲು 8ರಿಂದ 10. ಇಕ್ಕಟ್ಟಾದರೆ ಒಂದರ ಪುಕ್ಕ ಇನ್ನೊಂದು ಕಿತ್ತು ಗಾಯ ಮಾಡುತ್ತದೆ. ಜಾಗ ಹಿಗ್ಗಿಸಲು ಆಗದಿದ್ದರೆ ಕೋಳಿ ಕಡಿಮೆ ಮಾಡಿ.

5. ಮಲಗುವ ಕೋಲು ಮೇಲೆ, ಮೊಟ್ಟೆಯ ಪೆಟ್ಟಿಗೆ ಕೆಳಗೆ. ಕೋಳಿ ಎತ್ತರ ಹುಡುಕಿ ಮಲಗುವ ಜೀವ. ಪೆಟ್ಟಿಗೆಯೇ ಎತ್ತರದಲ್ಲಿದ್ದರೆ ಅದರಲ್ಲೇ ಮಲಗಿ, ಅದರಲ್ಲೇ ಹಿಕ್ಕೆ ಹಾಕಿ, ಬೆಳಿಗ್ಗೆ ಆ ಗಲೀಜಿನ ಮೇಲೇ ಮೊಟ್ಟೆ ಇಡುತ್ತದೆ. ಎರಡಿಂಚು ಅಗಲದ, ಅಂಚು ಉಜ್ಜಿದ ಮರದ ಪಟ್ಟಿ ಸಾಕು. ತಲಾ 8ರಿಂದ 10 ಇಂಚು ಜಾಗ ಬಿಡಿ. ಕಬ್ಬಿಣದ ಪೈಪ್ ಬೇಡ, ಜಾರುತ್ತದೆ. ನಾಲ್ಕು ಹ್ಯಾಟೆಗೆ ಒಂದಡಿ ಉದ್ದಗಲದ, ಒಳಗೆ ಕತ್ತಲೆಯಿರುವ ಒಂದು ಪೆಟ್ಟಿಗೆ ಸಾಕು. ಎರಡಿಟ್ಟರೂ ಎಲ್ಲವೂ ಒಂದರ ಮುಂದೆಯೇ ಕ್ಯೂ ನಿಲ್ಲುತ್ತವೆ.

6. ವಾಸ್ತು ಬಿಡಿ, ಮಳೆ ಬರುವ ದಿಕ್ಕು ನೋಡಿ. ಮುಂಗಾರಿನ ಎರಚಲು ಬರುವುದು ನೈಋತ್ಯದಿಂದ, ಸುಡುಬಿಸಿಲು ಬೀಳುವುದು ಪಡುವಣದಿಂದ. ಆ ಎರಡು ಕಡೆ ಹಲಗೆ ಮುಚ್ಚಿ, ಮೂಡಣಕ್ಕೆ ಜಾಲರಿ ಬಿಡಿ. ಹಿಂಗಾರಿನಲ್ಲಿ ಗಾಳಿ ತಿರುಗಿದಾಗ ಒಂದು ಟಾರ್ಪಾಲು ಇಳಿಬಿಟ್ಟರಾಯಿತು. ಸೂರಿನ ಕೆಳಗೆ ನಾಲ್ಕಿಂಚು ಗಾಳಿಗಂಡಿ ಇರಲೇಬೇಕು, ಅದಕ್ಕೂ ಮೆಶ್ ಬೇಕು. ಬೆಂಗಳೂರು ತಂಪು ಊರು ಎಂಬ ಹಳೆಯ ಮಾತು ನಂಬಿ ಬರೀ ತಗಡಿನ ಶೀಟು ಹೊದಿಸಬೇಡಿ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಕೋಳಿಗೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ ಅಷ್ಟೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಮಧ್ಯಾಹ್ನ ಜಾಲರಿಗೆ ಒದ್ದೆ ಗೋಣಿ ಕಟ್ಟಿ, ನೀರಿನ ಬಟ್ಟಲನ್ನು ನೆರಳಲ್ಲಿಡಿ.

7. ಮೂಗೇ ಇನ್ಸ್‌ಪೆಕ್ಟರ್. ನೆಲಕ್ಕೆ ಮೂರಿಂಚು ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹರಡಿ, ಎರಡು ದಿನಕ್ಕೊಮ್ಮೆ ಕೆದಕಿ. ಗೂಡಿನಲ್ಲಿ ತಲೆಯಿಟ್ಟಾಗ ನಿಮ್ಮ ಕಣ್ಣು ಉರಿದರೆ ಕೋಳಿಯ ಶ್ವಾಸಕೋಶದ ಗತಿ ಯೋಚಿಸಿ. ಒದ್ದೆಯಾದ ಕಡೆ ಆವತ್ತೇ ತೆಗೆಯಿರಿ. ತೆಗೆದದ್ದನ್ನು ಒಣ ಎಲೆಯ ಜೊತೆ ಗುಂಡಿಯಲ್ಲಿ ಕೊಳೆಸಿದರೆ ಕರಿಬೇವಿಗೆ ಗೊಬ್ಬರ. ಮೂಲೆಯಲ್ಲಿ ಹಳೆಯ ಬಾಣಲೆಯಲ್ಲಿ ಮರಳು, ಸೌದೆಯ ಬೂದಿ ಬೆರೆಸಿಡಿ. ಹೊರಳಾಡಿ ಹೇನು ಉದುರಿಸಿಕೊಳ್ಳುವ ಕೆಲಸ ಅವುಗಳಿಗೆ ಬಿಟ್ಟದ್ದು.

8. ಹುಂಜ ಬೇಡ. ತನ್ನ ಹುಂಜ ಕೂಗಿದರೇ ಬೆಳಗಾಗುವುದು ಎಂದುಕೊಂಡ ಅಜ್ಜಿಗೆ ರಾಜಾಜಿನಗರದಲ್ಲಿ ಮನೆಯಿರಲಿಲ್ಲ. ಇಲ್ಲಿ ನಾಲ್ಕು ಗಂಟೆಗೇ ಕೂಗಿದರೆ ಎದ್ದು ಬರುವವರು ಪಕ್ಕದ ಮನೆಯವರು. ಹುಂಜವಿಲ್ಲದೆಯೂ ಹ್ಯಾಟೆ ಮೊಟ್ಟೆ ಇಡುತ್ತದೆ. ಪಿಳ್ಳೆಯಾಗುವುದಿಲ್ಲ, ಅಷ್ಟೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿ, ಪಾಲಿಕೆ ಕಚೇರಿಯಲ್ಲೂ ಒಂದು ಮಾತು ವಿಚಾರಿಸಿ. ಅಕ್ಕಪಕ್ಕದವರಿಗೆ ವಾರಕ್ಕೆ ನಾಲ್ಕು ಮೊಟ್ಟೆ ಕೊಟ್ಟರೆ ಹಿಕ್ಕೆಯ ವಾಸನೆ ಅರ್ಧ ಕಡಿಮೆಯಾಗುತ್ತದೆ.

9. ಗೂಡಿನ ಜೊತೆ ಲಸಿಕೆಯ ಲೆಕ್ಕವೂ ಇರಲಿ. ಕೊಕ್ಕರೆ ರೋಗಕ್ಕೆ ಯಾವ ಜಾಲರಿಯೂ ಅಡ್ಡವಿಲ್ಲ. ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಎಂಟನೆಯ ವಾರದ ಹೊತ್ತಿಗೆ ಪಶುವೈದ್ಯರ ಕೈಯಲ್ಲಿ ಚುಚ್ಚುಮದ್ದು. ಲಸಿಕೆಯ ಸೀಸೆ ಸಾಮಾನ್ಯವಾಗಿ 100 ಡೋಸಿನದು, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲೇ ಮುಗಿಸಬೇಕು. ಐದು ಕೋಳಿಗಾಗಿ ಸೀಸೆ ಒಡೆಯುವ ಬದಲು ಬಡಾವಣೆಯ ನಾಲ್ಕು ಮನೆಯವರು ಒಂದೇ ದಿನ ಹಾಕಿಸಿಕೊಳ್ಳಿ. ಮರಿ ಬೇಕಾದರೆ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ಇವೆ, ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿ ಇದೆ. ಗಿರಿರಾಜ ಮೈದುಂಬಿದ ಜಾತಿ, ಅದಕ್ಕೆ ಕೋಲು ತಗ್ಗಿನಲ್ಲಿರಲಿ. 2012ರ ಅಕ್ಟೋಬರಿನಲ್ಲಿ ಅದೇ ಹೆಸರಘಟ್ಟದ ಸಂಸ್ಥೆಯ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ಬಂದು ಸಾವಿರಾರು ಪಕ್ಷಿಗಳನ್ನು ಕೊಲ್ಲಬೇಕಾಯಿತು. ಅಂಥ ಕಡೆಯೇ ಹೀಗಾದಮೇಲೆ ನಮ್ಮ ಹಿತ್ತಲು ಯಾವ ಲೆಕ್ಕ? ಕಾಗೆ, ಪಾರಿವಾಳಗಳು ಕೋಳಿಯ ತಟ್ಟೆಗೆ ಬಾಯಿ ಹಾಕದಂತೆ ಓಡಾಡುವ ಜಾಗಕ್ಕೂ ಮೇಲೆ ಬಲೆ ಕಟ್ಟಿ. ಹಠಾತ್ತನೆ ಎರಡು ಮೂರು ಕೋಳಿ ಸತ್ತರೆ ಸದ್ದಿಲ್ಲದೆ ಹೂಳಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

10. ಗೂಡು ಮೊದಲು, ಕೋಳಿ ಆಮೇಲೆ. ಗೂಡು ಮುಗಿದ ರಾತ್ರಿ ಒಳಗೆ ಒಂದು ಹಿಡಿ ಅನ್ನ, ಒಣಮೀನಿನ ತಲೆ ಇಟ್ಟು ಎರಡೂ ಚಿಲಕ ಹಾಕಿ ಮಲಗಿ. ಬೆಳಿಗ್ಗೆ ಅನ್ನ, ಮೀನು ಎರಡೂ ಹಾಗೇ ಉಳಿದಿದ್ದರೆ ಪಿಳ್ಳೆ ತರಲು ಹೊರಡಿ. ನನ್ನ ಎರಡನೆಯ ಗೂಡಿನಲ್ಲಿ ಮೂರನೆಯ ಬೆಳಿಗ್ಗೆ ಮೀನು ಉಳಿದಿತ್ತು.