ಸ್ವಂತ ವಾಹನದ ತಪಾಸಣೆ: ಬೆಳೆಗಾರರಿಗೊಂದು ಪಾಠ



ಕೊಳೆರೋಗ ತೋಟಕ್ಕೆ ಹರಡಿದ ಮೇಲೆ ಬೋರ್ಡೋ ದ್ರಾವಣ ಹೊಡೆದು ಹೆಚ್ಚಿನ ಫಲವಿಲ್ಲವೆಂಬುದು ನಮಗೆಲ್ಲ ತಿಳಿದ ಸಂಗತಿ. ಮಳೆ ಹಿಡಿಯುವ ಮುಂಚೆಯೇ ಆ ಕೆಲಸ ಮುಗಿಸುತ್ತೇವೆ. ಆದರೆ ಮನೆಯ ಮುಂದೆ ನಿಂತಿರುವ ಜೀಪು, ಕಾರುಗಳ ವಿಷಯದಲ್ಲಿ ಈ ವಿವೇಕ ಎಷ್ಟು ಜನರಲ್ಲಿದೆ? ಗಾಡಿ ಓಡುತ್ತಿದೆ, ಆದುದರಿಂದ ಸರಿಯಾಗಿದೆ ಎಂದುಕೊಳ್ಳುವುದೇ ಹೆಚ್ಚು. ಓಡುವ ಗಾಡಿ ನಿಲ್ಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯು 1989ರ ಜುಲೈ 1ರಿಂದ ಜಾರಿಗೆ ಬಂದಿತು. ಇದರಂತೆ ಹಳದಿ ಬೋರ್ಡಿನ ಪಿಕಪ್, ಲಾರಿ, ಬಾಡಿಗೆ ಕಾರುಗಳಿಗೆ ಎಫ್.ಸಿ. ಕಡ್ಡಾಯ. ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ಅದನ್ನು ಪರೀಕ್ಷೆಗೆ ಒಯ್ಯಬೇಕು.

ಬಿಳಿ ಬೋರ್ಡಿನ ಸ್ವಂತ ವಾಹನದ ಮಾತು ಹೀಗಲ್ಲ. ಅದರ ನೋಂದಣಿ 15 ವರ್ಷ ನಡೆಯುತ್ತದೆ. ಅವಧಿ ಮುಗಿದಾಗ ಸಾರಿಗೆ ಕಚೇರಿಯ ಪರೀಕ್ಷೆಯಾಗಿ 5 ವರ್ಷಕ್ಕೆ ನವೀಕರಣವಾಗುತ್ತದೆ. ನಡುವಿನ ವರ್ಷಗಳಲ್ಲಿ ಹೊಗೆ ತಪಾಸಣೆಯ ಚೀಟಿ ಬೇಕು, ನಿಜ. ಆದರೆ ಹೊಗೆ ನೋಡುವ ಯಂತ್ರ ಬ್ರೇಕನ್ನು ನೋಡುವುದಿಲ್ಲ.

ಬ್ರಿಟನ್ನಿನಲ್ಲಿ 1960ರಲ್ಲಿ ಕಡ್ಡಾಯ ತಪಾಸಣೆ ಆರಂಭವಾದಾಗ 10 ವರ್ಷ ದಾಟಿದ ಕಾರುಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಅಷ್ಟು ಕಾಯುವುದು ಸರಿಯಲ್ಲವೆಂದು ಕಂಡು 1967ರಲ್ಲಿ ಆ ಮಿತಿಯನ್ನು 3 ವರ್ಷಕ್ಕೆ ಇಳಿಸಿದರು. ಜಪಾನಿನಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ ಮೊದಲ ತಪಾಸಣೆ, ಆನಂತರ 2 ವರ್ಷಕ್ಕೊಮ್ಮೆ. ನಮ್ಮಲ್ಲಿ ಆ 15 ವರ್ಷ ಪರೀಕ್ಷಕರು ನಾವೇ.

ಹಾಗೆಂದು ಹೊಣೆಯಿಲ್ಲವೆಂದು ತಿಳಿಯಬಾರದು. ಇದೇ ಕಾಯ್ದೆಯ 190ನೇ ಕಲಮಿನಂತೆ, ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಅಪರಾಧ. ದೋಷ ಗೊತ್ತಿದ್ದವರು ಮಾತ್ರವಲ್ಲ, ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿದ್ದವರೂ ಹೊಣೆಗಾರರೇ. 'ನನಗೆ ತಿಳಿದಿರಲಿಲ್ಲ' ಎಂಬ ಮಾತು ಇಲ್ಲಿ ನಡೆಯದು.

ಬ್ರೇಕು

ಚನ್ನರಾಯಪಟ್ಟಣದ ಬಯಲಿನಲ್ಲಿ, ಹೊಳೆನರಸೀಪುರದ ರಸ್ತೆಯಲ್ಲಿ ಸರಿಯಾಗಿ ಹಿಡಿಯುವ ಬ್ರೇಕು ಘಟ್ಟದಲ್ಲಿ ಕೈಕೊಡಬಹುದು. ಧರ್ಮಸ್ಥಳ, ಕುಕ್ಕೆಗೆಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವವರು ಶಿರಾಡಿಯನ್ನೋ ಬಿಸಿಲೆಯನ್ನೋ ಇಳಿಯಲೇಬೇಕು. ಜನ, ಸಾಮಾನು ಸೇರಿ 2000 ಕಿಲೋ ತೂಗುವ ಜೀಪು 100 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಬಲದಿಂದ ಇಳಿದರೆ ಹುಟ್ಟುವ ಶಾಖ ಸುಮಾರು 6 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಘಟ್ಟ ಇಂಥ ಹಲವು 100 ಮೀಟರುಗಳದ್ದು. ಆದುದರಿಂದಲೇ ಅನುಭವಿ ಚಾಲಕರು ಕೆಳಗಿನ ಗೇರಿನಲ್ಲಿ ಇಳಿಯುತ್ತಾರೆ.

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಬಿಚ್ಚಿಟ್ಟ ಉಪ್ಪಿನ ಹಾಗೆ. ಡಾಟ್ 3 ದರ್ಜೆಯ ಹೊಸ ಆಯಿಲು 205 ಡಿಗ್ರಿ ಸೆಂಟಿಗ್ರೇಡ್‌ವರೆಗೆ ಕುದಿಯಬಾರದೆಂಬುದು ಅದರ ಅಳತೆ. ಶೇಕಡ 3.7ರಷ್ಟು ನೀರು ಸೇರಿದಾಗ ಈ ಅಳತೆ 140 ಡಿಗ್ರಿಗೆ ಇಳಿಯುತ್ತದೆ. ಆಯಿಲು ಕುದಿದು ಕೊಳವೆಯಲ್ಲಿ ಆವಿ ತುಂಬಿದರೆ ಪೆಡಲು ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಊರೊಳಗೆ ಓಡಿಸುವಾಗ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಆದುದರಿಂದ ಗಾಡಿ ಹೆಚ್ಚು ಓಡಲಿ ಬಿಡಲಿ, 2 ವರ್ಷಕ್ಕೊಮ್ಮೆ ಬ್ರೇಕ್ ಆಯಿಲು ಪೂರ್ತಿ ಬದಲಾಯಿಸುವುದು ಒಳ್ಳೆಯದು. ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸಬೇಕು.

ಟೈರು

ಕಾರು, ಜೀಪುಗಳ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಆಳವಿರಬಾರದೆಂದು ನಿಯಮವಿದೆ. ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಅದರ ಆಯಸ್ಸು ಮುಗಿಯಿತೆಂದೇ ಅರ್ಥ. ಮಳೆಗಾಲದಲ್ಲಿ ಚಕ್ರದ ಕೆಳಗಿನ ನೀರು ಹೊರಹೋಗುವುದು ಈ ಗೀರುಗಳಿಂದಲೇ.

ಗೀರು ಆಳವಾಗಿದ್ದರೂ ಹಳೆಯ ರಬ್ಬರು ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಜೀಪು ಕೊಳ್ಳುವವರು ಬಣ್ಣ ನೋಡುವ ಮುಂಚೆ ಈ ಅಂಕಿಗಳನ್ನು ನೋಡಲಿ. ಸ್ಟೆಪ್ನಿಯನ್ನೂ ಮರೆಯಬಾರದು.

ತಿಂಗಳಿಗೊಮ್ಮೆ ಮನೆಯಲ್ಲೇ ನೋಡಬೇಕಾದವು

1. ಬ್ರೇಕ್ ಆಯಿಲಿನ ಮಟ್ಟ. ಪೆಡಲನ್ನು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಗಾಡಿ ಹೊರಗೆ ತೆಗೆಯಬಾರದು.
2. ಚಕ್ರಗಳ ಒಳಬದಿಯಲ್ಲಿ ಆಯಿಲು ಸೋರಿದ ಗುರುತು, ರಬ್ಬರ್ ಕೊಳವೆಗಳಲ್ಲಿ ಬಿರುಕು.
3. ಹ್ಯಾಂಡ್ ಬ್ರೇಕು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದೇ?
4. ಸ್ಟೇರಿಂಗಿನಲ್ಲಿ ಸಡಿಲ ಹೆಚ್ಚಿದೆಯೇ? ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ?
5. ಮುಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರು. ತೋಟದ ಕೆಸರು ಹಿಂದಿನ ದೀಪಗಳನ್ನು ಮುಚ್ಚಿರುತ್ತದೆ, ಒರೆಸಿ ನೋಡಬೇಕು.
6. ವೈಪರ್, ಸೀಟ್ ಬೆಲ್ಟು.
7. ಬಹಳ ದಿನ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇಲಿ ಕಡಿದ ವೈರುಗಳು.

ಇಷ್ಟಕ್ಕೆ ಅರ್ಧ ಗಂಟೆ ಸಾಕು, ಖರ್ಚೇನಿಲ್ಲ.

ಮೆಕ್ಯಾನಿಕ್ಕಿಗೆ ಯಾವಾಗ ತೋರಿಸಬೇಕು?

ವರ್ಷಕ್ಕೆ ಎರಡು ಬಾರಿ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಒಮ್ಮೆ. ಕಾಫಿ ಕೊಯ್ಲಿಗೆ ಮುಂಚೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ. ಆಗ ಚಕ್ರ ಬಿಚ್ಚಿಸಿ, ಬ್ರೇಕಿನ ಶೂ, ಪ್ಯಾಡುಗಳ ಸವೆತವನ್ನು ಎದುರಿಗೇ ನಿಂತು ನೋಡಬೇಕು. ಕೆಸರಿನ ಹಾದಿಯಲ್ಲಿ, ಹಳ್ಳದ ನೀರಿನಲ್ಲಿ ಓಡುವ ಗಾಡಿಯ ಡ್ರಮ್ಮಿನಲ್ಲಿ ಮಣ್ಣು ಸೇರಿ ಸವೆತ ಬೇಗ ಆಗುತ್ತದೆ. ಯಾವ ದಿನ ಏನು ಬದಲಾಯಿತು, ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು ಎಂಬುದನ್ನು ತೋಟದ ಲೆಕ್ಕದ ಪುಸ್ತಕದಲ್ಲೇ ಒಂದು ಪುಟ ಮಾಡಿ ಬರೆದಿಡಿ. ಹಳದಿ ಬೋರ್ಡಿನವರು ಎಫ್.ಸಿ. ಮುಗಿಯುವ ದಿನವನ್ನೂ ಅಲ್ಲೇ ಬರೆದುಕೊಳ್ಳಲಿ.

ಕೊನೆಗೊಂದು ಮಾತು. ನಮ್ಮ ಗಾಡಿಯಲ್ಲಿ ನಾವೊಬ್ಬರೇ ಕೂರುವುದಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಾರೆ, ಮುದುಕರು ಆಸ್ಪತ್ರೆಗೆ ಹೋಗುತ್ತಾರೆ. ಗಾಡಿಯ ಬ್ರೇಕು ಹೇಗಿದೆಯೆಂದು ಕೇಳುವ ಸ್ಥಿತಿಯಲ್ಲಿ ಅವರಾರೂ ಇರುವುದಿಲ್ಲ. ಎದುರಿಗೆ ಸೈಕಲ್ಲಿನಲ್ಲಿ ಬರುವವನಂತೂ ಕೇಳಲಾರ. ಅವರೆಲ್ಲರ ಪರವಾಗಿ ಕೇಳಬೇಕಾದವರು ಗಾಡಿಯ ಯಜಮಾನರು.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ವಾಹನದ ಬ್ರೇಕ್ ಆಯಿಲು ಬದಲಾಯಿಸಿ ಎಷ್ಟು ವರ್ಷವಾಯಿತು?
2. ನಿಮ್ಮ ಐದು ಟೈರುಗಳೂ ತಯಾರಾದ ವರ್ಷ ಯಾವುದು?
3. ನಿಮ್ಮ ಆರ್.ಸಿ.ಯ ಅವಧಿ ಎಂದು ಮುಗಿಯುತ್ತದೆ?