ಚಿತ್ರ ಕಾಡಿನ ಕೆಲಸಕ್ಕೆ ಬರಲಿ

ಕೊಳ್ಳೇಗಾಲದಿಂದ ಯಳಂದೂರಿನತ್ತ ಹೋದರೆ ಬಿಳಿಗಿರಿರಂಗನ ಬೆಟ್ಟ. ಹನೂರಿನತ್ತ ಹೋದರೆ ಮಲೆ ಮಹದೇಶ್ವರ ಬೆಟ್ಟ, ಅದರಾಚೆ ಹೊಳೆಗುಂಟ ಕಾವೇರಿ ವನ್ಯಧಾಮ. ಇಷ್ಟು ಕಾಡಿರುವಲ್ಲಿ ಕ್ಯಾಮೆರಾ ಹಿಡಿದು ಬರುವವರಿಗೇನೂ ಬರವಿಲ್ಲ. ಬರ ಇರುವುದು ಕಾಡಿನ ನೆರವಿಗೆ ನಿಲ್ಲುವ ಚಿತ್ರಗಳಿಗೆ. ಅಂಥ ಚಿತ್ರ ತೆಗೆಯಬೇಕೆನ್ನುವವರಿಗೆ ಕೆಲವು ಸೂತ್ರಗಳು ಇಲ್ಲಿವೆ.

1. ಹುಲಿಗಾಗಿ ಕಾದು ಕೂರಬೇಡಿ. ತರಕರಡಿ (ಹನಿ ಬ್ಯಾಡ್ಜರ್) ಕರ್ನಾಟಕದಲ್ಲಿದೆ ಎಂಬುದಕ್ಕೆ ಚಿತ್ರದ ಸಾಕ್ಷಿ 2014ರಲ್ಲಿ ಪ್ರಕಟವಾಯಿತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕಾವೇರಿ ವನ್ಯಧಾಮದಲ್ಲಿಟ್ಟ ಕ್ಯಾಮೆರಾ ಟ್ರ್ಯಾಪ್‌ಗೆ ಅದು ಸಿಕ್ಕಿತ್ತು. ಅಂಥ ಚಿತ್ರಕ್ಕೆ ಸ್ಪರ್ಧೆಯಲ್ಲಿ ಬಹುಮಾನ ಬರಲಿಕ್ಕಿಲ್ಲ, ಆದರೆ ಒಂದು ಕಾಡಿನ ಬೆಲೆ ಹೆಚ್ಚಿಸಲು ಅದು ಸಾಕು. ನೀರುನಾಯಿ, ಕೊಂಡುಕುರಿ, ಸೀಳುನಾಯಿಗಳ ಕಡೆಗೂ ಕ್ಯಾಮೆರಾ ತಿರುಗಲಿ.

2. ಪ್ರಾಣಿಯ ಜೊತೆ ಅದರ ನೆಲೆಯೂ ಚಿತ್ರದಲ್ಲಿರಲಿ. ಉದ್ದನೆಯ ಲೆನ್ಸ್ ಹಿನ್ನೆಲೆಯನ್ನೆಲ್ಲ ಮಸುಕು ಮಾಡುತ್ತದೆ. ಸಂರಕ್ಷಣೆಗೆ ಬೇಕಾದ ಸುದ್ದಿ ಇರುವುದೇ ಆ ಹಿನ್ನೆಲೆಯಲ್ಲಿ. ಕಾವೇರಿ ದಂಡೆಯ ಬೂದುಬಣ್ಣದ ದೊಡ್ಡ ಅಳಿಲಿಗೆ ಹೊಳೆಮತ್ತಿಯಂಥ ಮರಗಳೇ ಮನೆ. ಮರ ಬಿಟ್ಟು ಅಳಿಲನ್ನಷ್ಟೇ ತೋರಿಸಿದರೆ ನೋಡುವವರಿಗೆ ಉಳಿಸಬೇಕಾದ್ದು ಏನೆಂದು ತಿಳಿಯುವುದಿಲ್ಲ. ಬಿಳಿಗಿರಿಯ ಲಂಟಾನವನ್ನೂ ಬಿಡಬೇಡಿ. ಕಾಡಿನ ನೆಲವನ್ನೇ ಅದು ಮುಚ್ಚಿಬಿಟ್ಟಿದೆ. ಹಿಂದೆ ನೆಲದ ತರಗೆಲೆಗೆ ಬೆಂಕಿ ಹಾಕುತ್ತಿದ್ದಾಗ ಅದು ಹೀಗೆ ಹಬ್ಬುತ್ತಿರಲಿಲ್ಲ ಎನ್ನುತ್ತಾರೆ ಅಲ್ಲಿನ ಸೋಲಿಗ ಬುಡಕಟ್ಟಿನ ಹಿರಿಯರು. ಒಂದು ಜಾಗ ಆರಿಸಿಕೊಳ್ಳಿ. ಪ್ರತಿ ವರ್ಷ ಅದೇ ತಿಂಗಳು, ಅದೇ ಕೋನದಿಂದ ತೆಗೆಯಿರಿ. ಐದಾರು ವರ್ಷದಲ್ಲಿ ಅದೊಂದು ದಾಖಲೆಯಾಗುತ್ತದೆ.

3. ಹುಲಿಯೋ ಚಿರತೆಯೋ ಎದುರಾದರೆ ಪಕ್ಕೆಯ ಚಿತ್ರ ತೆಗೆಯಿರಿ, ಸಾಧ್ಯವಾದರೆ ಎರಡೂ ಪಕ್ಕೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಎಡದ್ದು ಬಲದಂತೆಯೂ ಇರುವುದಿಲ್ಲ. ಗಣತಿ ಮಾಡುವವರು ಹುಲಿಯ ಗುರುತು ಹಿಡಿಯುವುದು ಈ ಪಟ್ಟೆಗಳಿಂದಲೇ.

4. ಜಾಗದ ಗುಟ್ಟು ಬಿಡಬೇಡಿ. ಕಾಡುಪಾಪ ಮಾಟಮಂತ್ರದವರ ಕೈಗೆ, ನಕ್ಷತ್ರ ಆಮೆ ಕಳ್ಳಸಾಗಣೆಯವರ ಕೈಗೆ ಸಿಗುವುದು ಸುಲಭ. ಮೊಬೈಲಿನ ಲೊಕೇಶನ್ ಆಫ್ ಮಾಡಿ. ಗೂಡಿನ ಚಿತ್ರ ಬೇಡವೇ ಬೇಡ. ಕಾಡುಪಾಪದ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡಿ.

5. ಅನುಮತಿ ಪಡೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಹೋಗಿ ಚಿತ್ರ ತೆಗೆಯಲೂ ಅದು ಬೇಕು.

6. ರಸ್ತೆಯನ್ನೂ ತೋರಿಸಿ. ಬಿಳಿಗಿರಿ ಕಾಡನ್ನು ಮಲೆ ಮಹದೇಶ್ವರ ಕಾಡಿಗೆ ಜೋಡಿಸುವುದು ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಕಾರಿಡಾರ್. ಇದಕ್ಕಾಗಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಇಂಥ ಕಡೆ ಆನೆಯ ದಂತಕ್ಕಿಂತ ಬೇಲಿ, ವಾಹನ, ಹೊಸ ಕಟ್ಟಡಗಳ ಚಿತ್ರ ಮುಖ್ಯ. ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿ ಕಂಡರೆ ಪಕ್ಕದ ಕಿಲೋಮೀಟರ್ ಕಲ್ಲೂ ಚಿತ್ರದಲ್ಲಿ ಬರಲಿ. ಹಂಪ್ಸ್ ಎಲ್ಲಿ ಹಾಕಬೇಕೆಂದು ವಾದಿಸಲು ಅದು ಬೇಕಾಗುತ್ತದೆ.

7. ದನ ಕಳೆದುಕೊಂಡವರ ಮನೆಗೆ ಹೋಗಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಕಾಡಿನ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ಸತ್ತುಬಿದ್ದವು. ಹಸುವಿನ ಕಳೇಬರಕ್ಕೆ ಬೆರೆಸಿದ ವಿಷವೇ ಕಾರಣವೆಂದು ತನಿಖೆ ಹೇಳಿತು. ಆ ಐದು ಹುಲಿಗಳ ಚಿತ್ರ ನಾಡಿನ ಕಣ್ಣಲ್ಲಿ ನೀರು ತರಿಸಿತು. ಕಾಡಂಚಿನ ಹಟ್ಟಿಯಲ್ಲಿ ಬರಿದಾದ ಗೂಟದ ಚಿತ್ರ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಷ ಹಾಕಿದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಷದವರೆಗೆ ಹೋಗುವ ಮುನ್ನ ಸಿಟ್ಟನ್ನು ತಣಿಸುವ ದಾರಿ ಬೇಕಲ್ಲ. ಹುಲಿ ಹಿಡಿದ ಹಸುವಿನ ಸುದ್ದಿ ಬಂದರೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಕಳೇಬರ ಕದಲಿಸುವ ಮೊದಲೇ ಹಲ್ಲಿನ ಗಾಯ, ಕಿವಿಯ ಗುರುತಿನ ಓಲೆ, ಸುತ್ತಲಿನ ಹೆಜ್ಜೆಗುರುತು ಎಲ್ಲವನ್ನೂ ದಿನಾಂಕ ಸಮೇತ ತೆಗೆಯಿರಿ. ಪರಿಹಾರದ ಅರ್ಜಿಗೆ ಸೇರಿಸಲು ಪ್ರಿಂಟ್ ಹಾಕಿಸಿ ಮನೆಯವರ ಕೈಗೆ ಕೊಡಿ. ಹಣ ಬೇಗ ಕೈಸೇರಿದರೆ ಮುಂದಿನ ಹುಲಿಗೆ ಬದುಕುವ ಅವಕಾಶ ಹೆಚ್ಚು.

8. ಚಿತ್ರ ಊರಿಗೆ ಮರಳಲಿ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ. ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ಹಾಗಾಗಿ ಚಿತ್ರಗಳನ್ನು ಮೊದಲು ನೋಡಬೇಕಾದವರು ಪೋಡಿನವರು, ಅಂದರೆ ಸೋಲಿಗರ ಹಾಡಿಯವರು. ಹಕ್ಕಿಗೆ, ಗಿಡಕ್ಕೆ ಅವರು ಏನನ್ನುತ್ತಾರೆ ಎಂದು ಕೇಳಿ ಅದನ್ನೇ ಅಡಿಬರಹದಲ್ಲಿ ಬರೆಯಿರಿ. ಹನೂರಿನ ಸರ್ಕಾರಿ ಶಾಲೆಯ ಗೋಡೆಗೆ, ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ, ಗ್ರಾಮಸಭೆ ನಡೆಯುವ ಜಗಲಿಗೆ ದೊಡ್ಡ ಪ್ರಿಂಟ್ ಹಾಕಿಸಿ. ಶಿವರಾತ್ರಿಗೆ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವರಿಗೆ ಹುಲಿ ಎಂದರೆ ಮಾದಪ್ಪನ, ಅಂದರೆ ಮಹದೇಶ್ವರನ ವಾಹನ. ದಾರಿಯ ಪಕ್ಕದ ಪ್ಲಾಸ್ಟಿಕ್ ರಾಶಿಯ ಚಿತ್ರದ ಪಕ್ಕದಲ್ಲೇ ಆ ಕಾಡಿನ ಹುಲಿಯ ಚಿತ್ರವನ್ನೂ ತಾಳಬೆಟ್ಟದಲ್ಲಿ, ಜಾತ್ರೆಗೆ ಒಂದು ವಾರ ಮೊದಲೇ ಕಟ್ಟಿಸಿಡಿ.